ಪಿಲಾರ್ ಕಟ್ಟಿಕೊಟ್ಟ ಅಕ್ಕಿ

ಯಾದಗಿರಿ

ಈ ಬರಹವನ್ನು ಮೊದಲು ನಾನು ಶುರುಮಾಡಿದ್ದು ಹೀಗೆ: ಯಾದಗಿರಿ ಸ್ಟೇಷನ್ನಿನಲ್ಲಿ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು, ರೈಲು ಕೂಗಿತು, ಭೀಮಾ ನದಿಯ ನೀರು ಎಳೆಬಿಸಿಲಿಗೆ ಹೊಳೆಯಿತು. ಬರೆದಾದ ಮೇಲೆ ಓದಿದೆ. ಚೆನ್ನಾಗಿತ್ತು. ಆದರೆ ಅವ್ವ ಸ್ಟೇಷನ್ನಿಗೆ ಬಂದಿರಲೇ ಇಲ್ಲ. ಸುರಪುರದ ಮನೆಯಲ್ಲಿ, ಒಲೆಯ ಮುಂದೆ, ನನಗೆ ಬೆನ್ನು ಮಾಡಿ ಕೂತಿದ್ದಳು. ರೈಲು ಹೊರಟದ್ದು ಬೆಳಿಗ್ಗೆಯೋ ಸಂಜೆಯೋ ಎಂಬುದೂ ಈಗ ಖಾತ್ರಿಯಿಲ್ಲ. ನೆನಪು ತನಗೆ ಬೇಕಾದ ಬಿಸಿಲನ್ನು ತಾನೇ ತಂದುಕೊಳ್ಳುತ್ತದೆ. ಇನ್ನು ಮುಂದೆ ಚಂದದ ವಾಕ್ಯ ಬಂದಲ್ಲಿ ಓದುವವರು ತುಸು ಅನುಮಾನಪಡಬೇಕು. ನಾನೂ ಪಡುತ್ತೇನೆ.

ಹೊರಟ ಕಾರಣದಲ್ಲಿ ಮಾತ್ರ ಅನುಮಾನವಿಲ್ಲ. ನನ್ನ ಅಣ್ಣ ಮಲ್ಲಣ್ಣ ಮುಂಬಯಿಯಿಂದ ಒಂದು ಹಡಗಿನ ಅಡುಗೆಮನೆಯ ಆಳಾಗಿ ಹೋದವನು, ಫಿಲಿಪೈನ್ಸಿನ ಮನಿಲಾ ಬಂದರಿನಲ್ಲಿ ಜ್ವರ ಬಂದು ಇಳಿದು, ಅಲ್ಲೇ ಉಳಿದುಬಿಟ್ಟಿದ್ದ. ವರ್ಷಕ್ಕೊಂದು ಕಾರ್ಡು ಬರುತ್ತಿತ್ತು: ಆರಾಮ ಇದ್ದೇನೆ. ಅಷ್ಟೇ. ಇತ್ತ ಶಹಾಪುರಕ್ಕೆ ಕೊಟ್ಟ ನಮ್ಮ ಅಕ್ಕ ನೀಲಕ್ಕನ ಮಗಳು ಗಂಗಾ, ತೊಟ್ಟಿಲಲ್ಲಿದ್ದಾಗಲೇ ಸೋದರಮಾವ ಮಲ್ಲಣ್ಣನಿಗೆ ಎಂದು ಮಾತಾದವಳು, ದೊಡ್ಡವಳಾಗಿ ಕಾಯುತ್ತಿದ್ದಳು. ದೇವಾಪುರದ ದಾರಿಯ ಹೊಲ ಮಾರಿ ಅವ್ವ ನನ್ನನ್ನು ಕಳಿಸಿದಳು. ನಾನು ಸುರಪುರದ ಶಾಲೆಯಲ್ಲಿ ನಿಜಾಮ ಸರ್ಕಾರದ ಉರ್ದುವಿನಲ್ಲಿ ಲೆಕ್ಕ ಕಲಿಸುವ ಮಾಸ್ತರ. ನಾಲ್ಕು ಮಾತು ಇಂಗ್ಲಿಷ್ ಬರುತ್ತದೆ ಎಂಬುದೇ ನನಗಿದ್ದ ಅರ್ಹತೆ.

ಹೊರಡುವ ಹಿಂದಿನ ದಿನ ಅವ್ವ ಸಾಬೂನು ಹಚ್ಚಿ ತನ್ನ ಕೈಯ ಬಂಗಾರದ ಪಾಟ್ಲಿ ಬಳೆಗಳನ್ನು ತೆಗೆದಳು.

“ಅವ ಯಾರರ ಮನಿಯಾಗ ಸಿಗಬಿದ್ದಿರಬೇಕು. ಇಲ್ಲಂದ್ರ ತಾಯಿನ್ನ ಬಿಟ್ಟು ಯಾವ ಮಗ ಇಷ್ಟು ದಿನ ಇರ್ತಾನ? ಇವನ್ನ ಕೊಟ್ಟು ಬಿಡಿಸ್ಕೊಂಡ ಬಾ.”

ಸ್ಟೇಷನ್ನಿಗೆ ಬಂದವರು ಅಕ್ಕ ಮತ್ತು ಗಂಗಾ. ಅಕ್ಕ ಕಿಟಕಿಯೊಳಗೆ ತಲೆ ತೂರಿಸಿ, “ತಮ್ಮಾ, ಬರಲ್ಲ ಅಂದ್ರ ಕಿವಿ ಹಿಡದು ಎಳಕೊಂಡ ಬಾ. ಅಣ್ಣ ಅದಾನ ಅಂತ ಮಾರಿ ನೋಡಬ್ಯಾಡ,” ಎಂದಳು. ಗಂಗಾ ಅವ್ವ ಕಟ್ಟಿಕೊಟ್ಟಿದ್ದ ಗಂಟು ತೋರಿಸಿ, “ಮಾಮಾ, ಖಡಕ್ ರೊಟ್ಟಿ ಅದಾವ, ಅದರ ಮ್ಯಾಲ ಕುಂದರಬ್ಯಾಡ್ರಿ,” ಎಂದಳು.

ರಾಯಚೂರು ಬರುವುದರೊಳಗೆ ಅದರ ಮೇಲೆ ಕೂತಿದ್ದೆ.

ಮನಿಲಾ

ಮದ್ರಾಸಿನಿಂದ ಹಡಗು, ಸಿಂಗಪುರದಲ್ಲಿ ಇನ್ನೊಂದು ಹಡಗು. ಸಮುದ್ರದ ಬಗ್ಗೆ ಬರೆಯುವುದಿಲ್ಲ. ಬಹುಪಾಲು ನಾನು ಬಕೆಟ್ಟನ್ನೇ ನೋಡಿದ್ದೇನೆ.

ಮನಿಲಾ ಬಂದರಿನ ಅಧಿಕಾರಿ ಯಾವ ದೇಶ ಎಂದು ಕೇಳಿದ. ಎದೆ ಸೆಟೆಸಿ, ಹೈದರಾಬಾದ್ ಸಂಸ್ಥಾನ, ನಿಜಾಮರ ಪ್ರಜೆ ಎಂದೆ. ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ನನ್ನ ಮುಖ ನೋಡಿ, “ಬೊಂಬಾಯ್” ಎಂದ. ಅಲ್ಲಿಗೆ ತೀರ್ಮಾನವಾಯಿತು. ಆ ದೇಶದಲ್ಲಿ ನಮ್ಮ ಬಣ್ಣದವರೆಲ್ಲ ಬೊಂಬಾಯ್. ಮಕ್ಕಳು ಹಟ ಮಾಡಿದರೆ, ಬೊಂಬಾಯ್ ಬಂದು ಚೀಲದಲ್ಲಿ ಹಾಕಿಕೊಂಡು ಹೋಗುತ್ತಾನೆ ಎಂದು ತಾಯಂದಿರು ಹೆದರಿಸುತ್ತಾರಂತೆ. ಇದು ನನಗೆ ಗೊತ್ತಿರಲಿಲ್ಲ. ಪುಡಿಯಾದ ರೊಟ್ಟಿಯ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಒಂದು ಓಣಿಯಲ್ಲಿ ದಾರಿ ಕೇಳಲು ಹೋದೆ. ಮಕ್ಕಳು ಚೀರಿಕೊಂಡು ಓಡಿದವು. ಶಾಲೆಯ ಮಾಸ್ತರನಾಗಿ ಮಕ್ಕಳು ಹೆದರುವುದು ನನಗೆ ಹೊಸದಲ್ಲ, ಆದರೆ ಅಂದು ಮೈ ಬೆವತಿತು.

ಅಣ್ಣ ಇದ್ದ ಸೀಮೆಗೆ ಮತ್ತೆ ರೈಲು. ಎದುರಿಗೆ ಒಬ್ಬ ಮುದುಕಿ ಬಾಳೆ ಎಲೆಯ ಪೊಟ್ಟಣ ಬಿಚ್ಚಿದಳು: ಅನ್ನ, ಅದರ ಮೇಲೆ ಒಣಮೀನಿನ ತುಂಡು. ನನ್ನ ಕಡೆ ತಿರುಗಿ ಕೈ ತೋರಿಸಿ, ಬಾ, ಉಣ್ಣು ಎನ್ನುವಂತೆ ಏನೋ ಅಂದಳು. ನಮ್ಮ ಕಡೆ ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಗೋಡೆಗೆ ಮುಖ ಮಾಡಿ ಉಣ್ಣುತ್ತೇವೆ: ಕಣ್ಣು ಬಿದ್ದೀತು, ಜಾತಿ ಕೇಳಬೇಕಾದೀತು. ಇಲ್ಲಿ ಗುರುತಿಲ್ಲದವಳು ಅನ್ನ ಮುಂದೆ ಮಾಡುತ್ತಿದ್ದಾಳೆ, ಅದೂ ಬೆಳ್ಳನೆಯ ಅಕ್ಕಿಯ ಅನ್ನ. ನನ್ನ ಕಣ್ಣು ತುಂಬಿತು. ಮೀನು ಸರಿಸಿ ಅರ್ಧ ಅನ್ನ ಉಂಡೆ. ಅವಳು ನಗುತ್ತ ಉಳಿದರ್ಧ ಉಂಡಳು.

ಆಮೇಲೆ ಅಣ್ಣನಿಗೆ ಹೇಳಿದಾಗ ಅವನು ಹಣೆ ಬಡಿದುಕೊಂಡ. “ಲೇ, ಅದು ಬಾಯಿಮಾತು! ಇಲ್ಲಿ ಹಾದಿಗುಂಟ ಹೋಗಾವನ್ನೂ ಕರೀತಾರ. ಕರೀಬೇಕು ಅವರು, ಒಲ್ಲೆ ಅನಬೇಕು ನಾವು. ಆ ಮುದುಕಿ ಮಧ್ಯಾಹ್ನದ ಊಟ ತಿಂದು ಬಂದ್ಯಲ್ಲೊ!”

ಭತ್ತದ ಊರು

ಕಬನಾತುವಾನ್ ಎಂಬಲ್ಲಿ ರೈಲಿಳಿದು ಕುದುರೆ ಗಾಡಿ ಹತ್ತಿದೆ. ಕೊಯ್ಲಿನ ಕಾಲ. ಕಣ್ಣು ಹಾಯುವಷ್ಟು ದೂರ ಎರಡೂ ಕಡೆ ಭತ್ತ. ಜೋಳದ ಸೀಮೆಯವನಿಗೆ ಇದು ನಂಬಲಾಗದ ಸಿರಿ. ನಮ್ಮಲ್ಲಿ ಅನ್ನವೆಂದರೆ ಮದುವೆ, ಹಬ್ಬ, ಇಲ್ಲವೆ ಜ್ವರ ಬಿಟ್ಟವನ ಪಥ್ಯ. ದಿನವೂ ಅನ್ನ ಉಣ್ಣುವವರೆಂದರೆ ತಹಶೀಲ್ದಾರರು, ದೇಸಾಯರು. ಇಷ್ಟು ಭತ್ತದ ನಡುವೆ ಬದುಕುವ ಅಣ್ಣ ಕಡೇಪಕ್ಷ ಸಣ್ಣ ದೇಸಾಯಿಯಾದರೂ ಆಗಿರಬೇಕು ಎಂದುಕೊಂಡು ಕೋಟಿನ ಗುಂಡಿ ಹಾಕಿಕೊಂಡೆ.

ಗಾಡಿಯವನು ಕಂಬಗಳ ಮೇಲೆ ನಿಂತ ಬಿದಿರಿನ ಮನೆಯೊಂದನ್ನು ತೋರಿಸಿದ. ಅಂಗಳದಲ್ಲಿ ಮರದ ದೊಡ್ಡ ಒರಳು. ಮೂರು ಒನಕೆಗಳು ಒಂದರ ಹಿಂದೊಂದು, ತಾಗದೆ, ತಪ್ಪದೆ ಬೀಳುತ್ತಿದ್ದವು. ಎರಡು ಒನಕೆ ಹೆಂಗಸರ ಕೈಯಲ್ಲಿ. ಮೂರನೆಯದು ನಮ್ಮಣ್ಣನ ಕೈಯಲ್ಲಿ. ಮೊಣಕಾಲಿನ ಮೇಲಿನ ಚಡ್ಡಿ, ಮೈಗೆಲ್ಲ ತೌಡು, ಹುಬ್ಬಿನ ಮೇಲೆ ಹೊಟ್ಟು.

ನನಗೆ ಮೊದಲು ಆದದ್ದು ಸಂತೋಷವಲ್ಲ, ನಾಚಿಕೆ. ನಮ್ಮ ಮನೆಯ ಹಿರಿಮಗ ಹೆಂಗಸರ ಜೊತೆ ನಿಂತು ಅಕ್ಕಿ ಕುಟ್ಟುತ್ತಿದ್ದಾನೆ. ನಾನು ಬಿದಿರು ಮೆಳೆಯ ಮರೆಗೆ ಸರಿದೆ. ಒಂದು ಬೀಡಿ ಸೇದುವಷ್ಟು ಹೊತ್ತು ಅಲ್ಲೇ ನಿಂತಿದ್ದೆ ಎಂದು ನನ್ನ ನೆನಪು. ಅಣ್ಣ ಹೇಳುವ ಪ್ರಕಾರ ನಾನು ಗಾಡಿಯಿಂದ ಇಳಿದವನೇ ನೆಟ್ಟಗೆ ಬಂದೆ. ಅವನ ಮಾತನ್ನು ನಂಬಲು ಇಷ್ಟ, ಆದರೆ ಮೆಳೆಯ ಮುಳ್ಳು ಹರಿದ ತೋಳು ಕೋಟಿನಲ್ಲಿ ಇನ್ನೂ ಇದೆ.

ಅಣ್ಣ ಒನಕೆ ಬಿಟ್ಟು ನಿಂತ. ಮುಖದ ಬಣ್ಣ ಇಳಿದುಹೋಗಿತ್ತು. “ಯಾರ್ ಸತ್ತಾರ?”

“ಯಾರೂ ಸತ್ತಿಲ್ಲ.”

“ಅವ್ವ?”

“ಗಟ್ಟಿ ಅದಾಳ.”

“ಮತ್ಯಾಕ ಇಷ್ಟು ದೂರ ಬಂದಿ, ಹುಚ್ಚಪ್ಯಾಲಿ!” ಎಂದು ತಬ್ಬಿಕೊಂಡ. ಕೋಟು ತೌಡಾಯಿತು.

ಮನೆಯ ಯಜಮಾನನ ಹೆಸರು ಮಾಂಗ್ ಇಸ್ಕೋ. ಮಾಂಗ್ ಎಂದರೆ ನಮ್ಮ ‘ಕಾಕಾ’ ಇದ್ದ ಹಾಗೆ. ಅವನ ಹೆಂಡತಿ, ಮಗಳು ಪಿಲಾರ್. ಪಿಲಾರ್ ಅಮೆರಿಕದವರು ತೆರೆದ ಶಾಲೆಯಲ್ಲಿ ಓದಿದವಳು, ಅವಳ ಇಂಗ್ಲಿಷಿನ ಮುಂದೆ ನನ್ನದು ಕುಂಟುತ್ತಿತ್ತು. ಊಟಕ್ಕೆ ಕೂತಾಗ ಬಾಳೆ ಎಲೆಯ ಮೇಲೆ ಅನ್ನ ರಾಶಿಯಾಗಿ ಬಿತ್ತು. ಪಕ್ಕಕ್ಕೆ ಹುಣಸೆಯ ಹುಳಿಯ ಸಾರು, ಸೊಪ್ಪು. ನಾನು ಸಂಕೋಚದಿಂದ ಪಿಲಾರಳನ್ನು ಕೇಳಿದೆ: ಇವತ್ತು ಏನು ಹಬ್ಬ?

ಅವಳು ಯೋಚಿಸಿ ಹೇಳಿದಳು: “ಮಂಗಳವಾರ.”

ಸ್ವಲ್ಪ ಅನ್ನ ಉಂಡು, ಅಭ್ಯಾಸದಂತೆ ರೊಟ್ಟಿ ಬರಲಿ ಎಂದು ಕೈಕಟ್ಟಿ ಕೂತೆ. ಬರಲಿಲ್ಲ. ಅಲ್ಲಿ ಅನ್ನ ಉಣ್ಣದೆ ಬೇರೆ ಏನೇ ತಿಂದರೂ ಉಂಡಂತಲ್ಲ. ನಮಗೆ ರೊಟ್ಟಿ ಇಲ್ಲದಿದ್ದರೆ ಹೇಗೋ ಹಾಗೆ. ಪಿಲಾರ್ ಒಂದೊಂದಕ್ಕೂ ಹೆಸರು ಹೇಳಿದಳು: ತೆನೆಯಲ್ಲಿದ್ದಾಗ ಪಾಲಾಯ್, ಕುಟ್ಟಿದರೆ ಬಿಗಾಸ್, ಬೇಯಿಸಿದರೆ ಕಾನಿನ್, ತಂಗಳಾದರೆ ಬಾಹಾವ್, ತಳ ಹತ್ತಿದ ಸೀಕಲು ತುತೋಂಗ್. ಆ ಸೀಕಲಿಗೆ ಮನೆಯಲ್ಲಿ ಜಗಳ; ಮಾಂಗ್ ಇಸ್ಕೋ ಗಡಿಗೆಯನ್ನೇ ಎಳೆದುಕೊಳ್ಳುತ್ತಿದ್ದ. ಅವಳ ತಾಯಿ ಬೆರಳಿನ ಮೊದಲ ಗೆಣ್ಣಿಗೆ ನೀರು ಅಳೆಯುತ್ತಿದ್ದಳು. ಬಿದಿರಿನ ನೆಲದ ಸಂದಿನಲ್ಲಿ ಸಿಕ್ಕ ಒಂದು ಅಗುಳನ್ನು ಉಗುರಿನಿಂದ ಎಬ್ಬಿಸಿ ತೆಗೆಯುತ್ತಿದ್ದಳು. ರಾಶಿ ಭತ್ತ ಅಂಗಳದಲ್ಲಿರುವಾಗ ಒಂದು ಅಗುಳಿಗೆ ಇಷ್ಟು ಕಷ್ಟವೇಕೆ ಎಂದು ಕೇಳಿದೆ. ಅದು ಬೇರೆ, ಇದು ಬೇಯಿಸಿದ್ದು ಎಂದಳಂತೆ. ಅವ್ವನ ಬಾಯಿಂದ ಇದೇ ಮಾತು ರೊಟ್ಟಿಯ ಬಗ್ಗೆ ಕೇಳಿದ್ದೆ.

ಅಣ್ಣ ಹೊಟ್ಟೆತುಂಬ ಉಂಡು ಎದ್ದವನು, ಮನೆಯ ಕೆಳಗೆ ಎಮ್ಮೆಯ ಪಕ್ಕ ಕೂತು, ನನ್ನ ಗಂಟು ಬಿಚ್ಚಿ ರೊಟ್ಟಿಯ ಪುಡಿಯನ್ನು ಬೊಗಸೆ ಬೊಗಸೆ ಬಾಯಿಗೆ ಹಾಕಿಕೊಂಡ. “ಯಾರಿಗೂ ಹೇಳಬ್ಯಾಡ. ಅನ್ನ ಉಂಡ ಮ್ಯಾಲೂ ನನಗ ಹಸಿವಿ ಆಗ್ತದಂತ ಗೊತ್ತಾದ್ರ ಪಿಲಾರಳ ಅವ್ವ ಊಟ ಬಿಡ್ತಾಳ.”

ಪಾಟ್ಲಿ

ಎರಡು ಮೂರು ದಿನ ಕಣ್ಣಿಟ್ಟು ನೋಡಿದೆ. ಅಣ್ಣ ಎಲ್ಲರಿಗಿಂತ ಮೊದಲು ಏಳುತ್ತಿದ್ದ. ನೀರು ಹೊರುತ್ತಿದ್ದ, ಕಟ್ಟಿಗೆ ಒಡೆಯುತ್ತಿದ್ದ, ಅಕ್ಕಿ ಕುಟ್ಟುತ್ತಿದ್ದ. ಕೂಲಿ ಇಲ್ಲ. ಊಟದ ಹೊತ್ತು ಬಿಟ್ಟರೆ ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಮಲಗುವುದು ಕೆಳಗೆ, ಎಮ್ಮೆಯ ಬಳಿ. ಮೊದಲು ಅಕ್ಕಿಯ ಗಿರಣಿಯಲ್ಲಿ ಕಾವಲಿಗಿದ್ದವನು ಅದನ್ನೂ ಬಿಟ್ಟು ಇಲ್ಲಿ ಬಿದ್ದಿದ್ದ. ಹೀಗ್ಯಾಕೆ ಎಂದು ಕೇಳಿದರೆ ತಲೆ ತಗ್ಗಿಸಿ, “ತಡಿ, ಹೇಳ್ತೀನಿ,” ಎನ್ನುತ್ತಿದ್ದ. ಹೇಳುತ್ತಿರಲಿಲ್ಲ.

ನಾನು ಹುಟ್ಟಿದ ಸೀಮೆಯಲ್ಲಿ ಇದಕ್ಕೆ ಒಂದೇ ಅರ್ಥ. ಅವ್ವ ಸರಿಯಾಗೇ ಊಹಿಸಿದ್ದಳು. ಅಣ್ಣ ಜೀತಕ್ಕಿದ್ದ.

ಆ ದಿನ ಊಟವಾದ ಮೇಲೆ ಎಲ್ಲರೂ ಕೂತಿರುವಾಗ ಎದ್ದು ನಿಂತೆ. ಪಾಟ್ಲಿಗಳನ್ನು ಕರವಸ್ತ್ರದಿಂದ ಬಿಚ್ಚಿ ಮಾಂಗ್ ಇಸ್ಕೋನ ಮುಂದೆ ಇಟ್ಟೆ. ಅಣ್ಣನಿಗೆ ಕನ್ನಡದಲ್ಲಿ, “ಹೇಳವರಿಗೆ. ಇವು ನಮ್ಮವ್ವನ ಪಾಟ್ಲಿ. ಇವನ್ನ ಇಟ್ಕೊಂಡು ನಮ್ಮಣ್ಣನ್ನ ಬಿಡ್ರಿ ಅಂತ ಹೇಳು,” ಎಂದೆ. ನನ್ನ ದನಿ ಗಡುಸಾಗಿತ್ತು. ಕಚೇರಿಯಲ್ಲಿ ನಿಂತು ಮಾತಾಡಿದ ಹಾಗೆ, ಒಳಗೊಳಗೆ ಹೆಮ್ಮೆಯೂ ಆಗಿತ್ತು.

ಅಣ್ಣ ಪಾಟ್ಲಿ ನೋಡಿದ. ನನ್ನನ್ನು ನೋಡಿದ. ಅವ್ವನ ಕೈಯಲ್ಲಿ ಸವೆದ ಆ ಬಳೆಗಳ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿದ. ಆಮೇಲೆ ಅವರ ಭಾಷೆಯಲ್ಲಿ ನಿಧಾನಕ್ಕೆ ಏನೋ ಹೇಳಿದ.

ಮಾಂಗ್ ಇಸ್ಕೋ ಬೈಯುತ್ತಾನೆ, ಚೌಕಾಸಿ ಮಾಡುತ್ತಾನೆ ಎಂದು ಕಾದಿದ್ದೆ. ಅವನು ಅಳತೊಡಗಿದ. ಹೆಂಡತಿಯನ್ನು ಕೂಗಿದ. ಅವಳು ಬಂದು ಪಾಟ್ಲಿ ಎತ್ತಿ ಪಿಲಾರಳ ಕೈಗೆ ಹಾಕಿದಳು. ಸಡಿಲಾಗಿ ಮೊಣಕೈವರೆಗೆ ಜಾರಿದವು. ಯಾರೋ ಅಂಗಳಕ್ಕಿಳಿದು ನೆರೆಮನೆಗಳಿಗೆ ಕೂಗಿ ಹೇಳಿದರು. ಜನ ಮೆಟ್ಟಿಲು ಹತ್ತಿ ಬರತೊಡಗಿದರು, ನನಗಿಂತ ಚಿಕ್ಕವರು ಬಗ್ಗಿ ನನ್ನ ಕೈಯನ್ನು ತಮ್ಮ ಹಣೆಗೆ ಮುಟ್ಟಿಸಿಕೊಂಡರು.

“ಏನ್ ಹೇಳ್ದಿ ಅವರಿಗೆ?” ಎಂದೆ.

“ನೀ ಇಟ್ಟದ್ದನ್ನ ಹೇಳ್ದೆ,” ಎಂದ ಅಣ್ಣ.

ಗದ್ದೆಯ ಬದು

ಸಂಜೆ ಅಣ್ಣ ನನ್ನನ್ನು ಗದ್ದೆಗೆ ಕರೆದುಕೊಂಡು ಹೋದ. ಕೊಯ್ದ ಕೂಳೆಯಲ್ಲಿ ಬಾತುಗಳು ಆಯುತ್ತಿದ್ದವು. ಬದುವಿನ ಮೇಲೆ ಕೂತು, ನನ್ನ ಕಡೆ ನೋಡದೆ ಒಂದು ಹುಲ್ಲಿನ ಎಳೆ ಕಿತ್ತು ಬೆರಳಿಗೆ ಸುತ್ತತೊಡಗಿದ. ತಮ್ಮನ ಮುಂದೆ ಹೆಣ್ಣಿನ ಮಾತು ಆಡಲು ಅವನಿಗೆ ನಾಚಿಕೆ. ಅದು ಆಗ ನನಗೆ ಹೊಳೆಯಿತು.

“ಇಲ್ಲಿ ಹುಡುಗಿನ್ನ ಕೇಳಾವ ಹುಡುಗಿ ಮನಿಯಾಗ ದುಡಿಬೇಕು ತಮ್ಮಾ. ನೀರು, ಕಟಗಿ, ಒನಕಿ. ಇವ ಎಂಥಾ ಮನಶ್ಯಾ ಅಂತ ಅವರು ನೋಡ್ತಾರ. ಆಮ್ಯಾಲ ಹುಡುಗನ ಕಡಿಯವರು ಮೆಟ್ಲ ಹತ್ತಿ ಬಂದು ಕೇಳಬೇಕು. ಕೇಳದ ಇಸ್ಕೋ ಕಾಕಾ ಹೆಣ್ಣು ಕೊಡಂಗಿಲ್ಲ. ನನ್ನ ಕಡಿಯವರು ಅಂತ ಇಲ್ಲಿ ಯಾರದಾರ?”

“ಬರೀಬೇಕಿಲ್ಲ? ಬರ್ತಿದ್ವಿ.”

“ಬರದು ಕಳಿಸಿದ್ರ ಅವ್ವ ಗಂಗಿನ್ನ ಹಡಗ ಹತ್ತಿಸಿ ಕಳಸ್ತಿದ್ಲು.” ನಕ್ಕ. ನಾನು ನಗಲಿಲ್ಲ. “ನೀ ಪಾಟ್ಲಿ ಇಟ್ಟಾಗ, ಅವ್ವನ ಕಡಿಯಿಂದ ತಮ್ಮ ಹೆಣ್ಣು ಕೇಳಾಕ ಬಂದಾನ ಅಂತ ಹೇಳ್ಬಿಟ್ಟೆ.”

“ನಾ ಬಿಡಿಸ್ಕೊಂಡ ಹೋಗಾಕ ಬಂದಾವ. ಜೀತಕ್ಕಿದ್ದಿ ಅಂತ ತಿಳದಿದ್ದೆ.”

ಅಣ್ಣ ಮೊದಲು ಜೋರಾಗಿ ನಕ್ಕ, ಬಾತುಗಳು ಹೆದರಿ ಹಾರುವಷ್ಟು. ಆಮೇಲೆ ಕೈಯ ಹುಲ್ಲು ಬಿಸಾಡಿದ. “ಹೌದಲ್ಲ. ನಮ್ಮನಿ ಹಣಮ್ಯಾನ್ನ ನೋಡಿ ಬೆಳದ ಕಣ್ಣಿಗೆ ಮತ್ತೇನು ಕಾಣಬೇಕು? ಮೊದಲ್ನೇ ವಾರ ನನಗೂ ಹಂಗ ಅನಿಸಿತ್ತು. ನೀರು ಹೊರೂವಾಗೆಲ್ಲ ಅವನ ಬೆನ್ನ ನೆನಪಾಗ್ತಿತ್ತು.”

ಹಣಮ್ಯಾ ಅಪ್ಪನ ಕಾಲದಿಂದ ನಮ್ಮ ಮನೆಯಲ್ಲಿ ಜೀತಕ್ಕಿರುವವನು. ಅವನು ಯಾಕೆ ಬಂದ, ಎಂದು ಬಿಡುಗಡೆ ಎಂದು ನಾವು ಮಕ್ಕಳು ಎಂದೂ ಕೇಳಿರಲಿಲ್ಲ; ಮನೆಯ ಕಂಬ ಯಾವಾಗ ನೆಟ್ಟದ್ದು ಎಂದು ಕೇಳುತ್ತೇವೆಯೆ?

“ಇಲ್ಲಿ ದುಡಿತಕ್ಕ ಒಂದು ಕೊನಿ ಅದ,” ಎಂದ ಅಣ್ಣ. “ಕಡಿಗೆ ಆಕಿ ಅದಾಳ. ಹಣಮ್ಯಾನ ದುಡಿತದ ಕಡಿಗೆ ಏನದ ಹೇಳು. ಅವನ ಅವ್ವ ಪಾಟ್ಲಿ ತಂದಿಟ್ಟಿದ್ರ ಅಪ್ಪ ಅಳ್ತಿದ್ನೇನು?”

ಉತ್ತರ ನನಗೆ ಗೊತ್ತಿತ್ತು. ಮೊದಲ ದಿನ ಅಣ್ಣನ ಒನಕೆ ಕಂಡು ಆದ ನಾಚಿಕೆ ಒಂದು ಬಗೆ. ಇದು ಬೇರೆ. ಅದನ್ನು ಕೋಟಿನ ತೌಡಿನ ಹಾಗೆ ಕೊಡವಲು ಆಗುತ್ತಿರಲಿಲ್ಲ. ಆ ಮನೆಯವರ ಅನ್ನ ಉಂಡು, ಅವರನ್ನು ನಮ್ಮಂಥವರೆಂದು ತಿಳಿದಿದ್ದೆ.

“ಮತ್ತ ನೀ ಬರಂಗಿಲ್ಲ,” ಎಂದೆ.

“ಪಾದ್ರಿ ತಲಿಗೆ ನೀರು ಹಾಕ್ತಾನಂತ. ಹಾಕ್ಲಿ ಬಿಡು, ಹೆಂಗೂ ಇಲ್ಲಿ ಮಳಿ ಬಾಳ,” ಎಂದ.

ಹೊರಡುವ ದಿನ

ಮರುದಿನ ಮನೆಯಲ್ಲಿ ಸಿಹಿ. ಅದಕ್ಕೆ ಬೇರೆಯೇ ಅಕ್ಕಿ, ಮಲಗ್ಕಿತ್ ಎನ್ನುತ್ತಾರೆ. ನೆನೆಸಿ, ಆವಿಯಲ್ಲಿ ಬೇಯಿಸಿ, ತೆಂಗಿನ ಹಾಲು, ಬೆಲ್ಲ ಹಾಕಿ ದೊಡ್ಡ ಬಾಣಲೆಯಲ್ಲಿ ತಿರುವಬೇಕು. ಬೀಗರೆಂದು ನನ್ನ ಕೈಗೂ ಸಟ್ಟುಗ ಕೊಟ್ಟರು. ಸ್ವಲ್ಪ ಹೊತ್ತಿಗೆ ಸಟ್ಟುಗ ಅಲ್ಲಾಡಲಿಲ್ಲ; ಬಾಣಲೆಯೇ ಎದ್ದು ಬಂತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅನ್ನ ಅಷ್ಟು ಜಿಗುಟಾದರೇ ಸರಿಯಂತೆ. ಮದುವೆಯ ಮಾತಿಗೆ ಈ ಅಕ್ಕಿಯೇ ಆಗಬೇಕು. ಉಂಡ ಎರಡು ಮನೆ ಹೀಗೆ ಒಂದನ್ನೊಂದು ಹಿಡಿದುಕೊಳ್ಳಬೇಕು. ನಮ್ಮ ಕಡೆ ಅನ್ನ ಅಗುಳಿಗೆ ಅಗುಳು ಬಿಡಿಯಾಗಿ ಉದುರಬೇಕು. ಅಂಟಿತೆಂದರೆ ಸೊಸೆಯ ತವರನ್ನೆಲ್ಲ ಬೈಯಲು ಅದೊಂದೇ ಸಾಕು.

ನಾನು ಹೊರಡುವ ಮುನ್ನ ಪಿಲಾರ್ ಅಂಗಳದಲ್ಲಿ ಒಬ್ಬಳೇ ಮೊರ ಹಿಡಿದು ಕೂತಿದ್ದಳು. ಕರೆದಳು.

“ನೀವು ಹೆಣ್ಣು ಕೇಳಲು ಬಂದವರಲ್ಲ,” ಎಂದಳು. “ಅವನನ್ನು ಕರೆದುಕೊಂಡು ಹೋಗಲು ಬಂದವರು.”

ಅಣ್ಣ ಹೇಳಿದನೆ ಎಂದು ಕೇಳಿದೆ.

“ಇಲ್ಲ. ಬಳೆ ಇಡುವಾಗ ನೀವು ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಕೇಳಲು ಬಂದವರು ನೋಡುತ್ತಾರೆ.”

“ಗೊತ್ತಿದ್ದೂ ಹಾಕಿಕೊಂಡಿರಿ?”

“ಅಪ್ಪ ಅಳುತ್ತಿದ್ದರು.” ಮೊರವನ್ನು ಒಮ್ಮೆ ಹಾರಿಸಿದಳು. “ಅಪ್ಪನಿಗೆ ಬಳೆ ಸಾಕು. ನನಗೆ ಸಾಲದು.”

ಒಂದು ಸಣ್ಣ ಬಟ್ಟೆಯ ಗಂಟು ಕೊಟ್ಟಳು. ಅದೇ ಅಂಟಕ್ಕಿ, ಅವಳೇ ಕುಟ್ಟಿದ್ದು. ಅಣ್ಣನೂ ಕುಟ್ಟಿದ್ದ ಎಂದು ಬರೆಯಲು ಕೈ ತವಕಿಸುತ್ತದೆ, ಆದರೆ ಹಾಗೆಂದು ಅವಳು ಹೇಳಿರಲಿಲ್ಲ. “ನಿಮ್ಮ ತಾಯಿ ಇದನ್ನು ಬೇಯಿಸಿ ಉಂಡರು ಎಂದು ನೀವು ಬರೆದರೆ ಮಾತ್ರ ನಾನು ಇಗರ್ಜಿಯ ಮೆಟ್ಟಿಲು ಹತ್ತುತ್ತೇನೆ. ಉಣ್ಣದಿದ್ದರೆ ಉಣ್ಣಲಿಲ್ಲ ಎಂದೇ ಬರೆಯಿರಿ. ನಿಮ್ಮಣ್ಣ ಬೇಡಿಕೊಂಡರೂ ಸುಳ್ಳು ಬರೆಯಬೇಡಿ.” ಬೇಯಿಸುವ ಬಗೆಯನ್ನು ಎರಡು ಸಲ ಹೇಳಿದಳು: ನೆನೆಸಬೇಕು, ಆವಿಯಲ್ಲಿಡಬೇಕು, ನೀರು ಬಸಿಯಬಾರದು. ನಾನು ಪಾಠದಂತೆ ಒಪ್ಪಿಸಿ ತೋರಿಸಿದೆ.

ಗಾಡಿ ಬಂದಾಗ ಮನೆಯವರು ಊಟದ ನಡುವೆ ಇದ್ದರು. ನಾನು ಎದ್ದು ಕೈ ಮುಗಿದದ್ದೇ ತಡ, ಎಲ್ಲರೂ ತಮ್ಮ ತಮ್ಮ ತಟ್ಟೆಯನ್ನು ಕೂತಲ್ಲೇ ಗರಗರ ತಿರುಗಿಸಿದರು. ಬೇಸರಕ್ಕೋ, ಕೋಪಕ್ಕೋ ತಿಳಿಯದೆ ನಿಂತೆ. “ಊಟದ ನಡುವ ಎದ್ದು ಹೋಗಾವ ಹಾದ್ಯಾಗ ಕೆಡಬಾರ್ದು ಅಂತ,” ಎಂದ ಅಣ್ಣ. ಅವನೂ ತಟ್ಟೆ ತಿರುಗಿಸಿದ್ದ.

ಶಹಾಪುರ

ಮನಿಲಾದಿಂದ ಯಾದಗಿರಿಯವರೆಗೆ ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಭೀಮಾ ದಾಟಿ ಶಹಾಪುರದಲ್ಲಿ ಅಕ್ಕನ ಮನೆಯ ಹೊಸ್ತಿಲು ತುಳಿದಾಗ ಒಂದೂ ಉಳಿದಿರಲಿಲ್ಲ. ಅಕ್ಕ ನನ್ನ ಹಿಂದೆ ಬಾಗಿಲು ನೋಡಿದಳು. ಯಾರೂ ಇಲ್ಲ.

ಹೇಳಿದೆ. ಅಕ್ಕ ಎದ್ದು ನಿಂತಳು.

“ಒಬ್ಬನ್ನ ತರಾಕ ಹೋದಾವ, ಅವ್ವನ ಪಾಟ್ಲಿ ಹಾಕಿ ಅವನ ಲಗ್ನ ಮಾಡಿ ಬಂದ್ಯಾ? ನಿನ್ನ ಮಾಸ್ತರಕಿ ಸುಟ್ಟು ಬರ್ಲಿ! ನನ್ನ ಮಗಳ ಮಾರಿ ನೋಡಿ ಹೇಳು, ಹೇಳಲೇ!”

ನೋಡಲು ಆಗಲಿಲ್ಲ. ಗಂಗಾ ನೀರಿನ ತಂಬಿಗೆ ತಂದು ನನ್ನ ಮುಂದಿಟ್ಟಳು.

“ಬಿಡವ್ವಾ, ಅವರ ಮಾರಿ ಹೆಂಗದ ಅಂತ ನನಗ ನೆನಪೂ ಇಲ್ಲ,” ಎಂದಳು. ತಂಬಿಗೆಯನ್ನು ನನ್ನ ಕಡೆ ಇನ್ನಷ್ಟು ಸರಿಸಿದಳು. “ಮಾಮಾ, ಅಲ್ಲಿ ಗಂಡಸ್ರು ಖರೇನ ಹುಡುಗಿ ಮನಿಯಾಗ ಅಕ್ಕಿ ಕುಟ್ಟತಾರೇನ್ರಿ?”

“ಕುಟ್ಟತಾರವಾ.”

“ಹಂಗಾರ ನನಗೂ ಅಂಥಾವನ್ನ ಹುಡುಕ್ರಿ. ಜೋಳ ಬೀಸಿದ್ರೂ ನಡೀತದ,” ಎಂದು ಒಳಗೆ ಹೋದಳು. ಒಳಗೆ ಹೋದವಳು ಅತ್ತಳೋ ನಕ್ಕಳೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಬರೆಯಲಾರೆ.

ಸುರಪುರ

ಸುರಪುರದಲ್ಲಿ ಮೋಟಾರು ಇಳಿದಾಗ ಹಣಮ್ಯಾ ಕಾದಿದ್ದ. ಕೈ ಚಾಚಿದ. ನಾನು ಚೀಲ ಕೊಡಲಿಲ್ಲ, ನಾನೇ ಹೊರುತ್ತೇನೆ ಎಂದೆ. ಅವನು ಹತ್ತು ಹೆಜ್ಜೆ ಹಿಂದೆ ಹಿಂದೆ ಬಂದು, “ನನ್ನಿಂದ ಏನ್ ತಪ್ಪಾತ್ರಿ ಮಾಸ್ತರ್ರಿ? ಮಂದಿ ನೋಡಾಕತ್ತಾರ, ಕೊಡ್ರಿ,” ಎಂದ. ಮಂದಿ ನೋಡುತ್ತಿದ್ದರು. ಕೊಟ್ಟುಬಿಟ್ಟೆ. ದೂರದ ದೇಶದ ಬದುವಿನ ಮೇಲೆ ಕೂತು ಪಟ್ಟ ನಾಚಿಕೆ ನಮ್ಮೂರ ಮೋಟಾರು ನಿಲ್ದಾಣದಲ್ಲಿ ಇಷ್ಟೇ ದೂರ ನಡೆಯಿತು.

ಅವ್ವ ಎಲ್ಲ ಕೇಳಿ ಒಂದೇ ಮಾತು ಕೇಳಿದಳು. “ಪಾಟ್ಲಿ?”

“ಆಕಿ ಕೈಯಾಗದಾವ.”

ಅಲ್ಲಿಂದ ನನ್ನ ಜೊತೆ ಮಾತು ಬಿಟ್ಟಳು. ಅಕ್ಕಿಯ ಗಂಟು ಗೋಡೆಯ ಗೂಡು ಸೇರಿತು. ಪಿಲಾರ್ ಹೇಳಿದ್ದನ್ನು ಹೇಳಿದ್ದೆ: ನೀ ಉಂಡರೆ ಲಗ್ನ, ಇಲ್ಲದಿದ್ದರೆ ಇಲ್ಲ. ಅವ್ವ ಗೋಡೆಗೆ ಹೇಳಿದಳು: “ಹಂಗಾರ ಇಲ್ಲ.” ಆದರೆ ರೊಟ್ಟಿ ಬಡಿಯುತ್ತ ಅದೇ ಗೋಡೆಯನ್ನು ಕೇಳುತ್ತಿದ್ದಳು: “ದಿನಾ ಅನ್ನ ಅಂತ? ಬೊಟ್ಟ ಅದ್ದಿ ನೀರ ಅಳೀತಾರಂತ? ಅಂಥಾ ಅನ್ನ ಹೆಂಗಿರಬೇಕು!” ಓಣಿಯಲ್ಲಿ ಯಾರದೇ ಮದುವೆಯಿದ್ದರೂ ಅನ್ನದ ಒಲೆಗೆ ಅವ್ವನನ್ನೇ ಕರೆಯುತ್ತಾರೆ. ಅವಳ ಅನ್ನ ಎಲೆಯ ಮೇಲೆ ಬಿದ್ದರೆ ಒಂದಗುಳು ಇನ್ನೊಂದನ್ನು ಮುಟ್ಟುವುದಿಲ್ಲ. ಒಂದು ದಿನ ಧೈರ್ಯ ಮಾಡಿ, “ಅವ್ವಾ, ಆ ಅಕ್ಕಿ ಬೇಸೂ ಬಗಿ ಬ್ಯಾರೆ ಅದ,” ಎಂದೆ.

“ಅಕ್ಕಿ ಬೇಸೋದು ನನಗ ನೀ ಕಲಸ್ತಿಯೇನು?” ಎಂದಳು. ಅದು ಗೋಡೆಗಲ್ಲ, ನನಗೇ.

ಆಮೇಲೊಂದು ಮಧ್ಯಾಹ್ನ ಶಾಲೆ ಬೇಗ ಬಿಟ್ಟು ಮನೆಗೆ ಬಂದೆ. ಗೂಡು ಖಾಲಿ. ಅಡುಗೆಮನೆಯಲ್ಲಿ ಅವ್ವ ಒಲೆಯ ಮುಂದೆ, ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಪಕ್ಕದಲ್ಲಿ ಗಂಜಿ ಬಸಿಯಲು ಇಟ್ಟ ಬೋಗುಣಿ ಒಣಗಿತ್ತು. ಒಂದು ಹನಿ ಬಸಿದಿರಲಿಲ್ಲ. ಗಡಿಗೆ ಅವಳ ಮೊಣಕಾಲುಗಳ ನಡುವೆ. ಅದರೊಳಗೆ ಸಟ್ಟುಗ ನೆಟ್ಟಗೆ ನಿಂತಿತ್ತು.

“ಒಳಗ ಬರಬ್ಯಾಡ,” ಎಂದಳು ತಿರುಗದೆ.

“ಯಾಕವ್ವಾ?”

“ಉರಿ ಹೆಚ್ಚಾತು. ಕೆಡ್ತು.”

ಅವಳು ಉಣ್ಣುತ್ತಿದ್ದಳು. ಗಬಗಬ, ಗಡಿಗೆಯಿಂದಲೇ, ಬೆರಳಿಗೆ ಅಂಟಿದ್ದನ್ನು ಹಲ್ಲಿನಿಂದ ಎಳೆದುಕೊಂಡು. ಓಣಿಯ ಯಾರೂ ಬಂದು ನೋಡುವ ಮೊದಲು, ಸೊಸೆಯಾಗಬೇಕಾದವಳ ಅಕ್ಕಿಯನ್ನು ತಾನು ಮುದ್ದೆ ಮಾಡಿ ಕೆಡಿಸಿದ ಗುರುತು ಉಳಿಯದ ಹಾಗೆ, ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದಳು.

ಕೆಟ್ಟಿಲ್ಲವ್ವಾ, ಈ ಅಕ್ಕಿ ಅಂಟಲೆಂದೇ ಇರುವುದು, ನೀ ಕೆಡಿಸಿಲ್ಲ. ಇಷ್ಟು ಹೇಳಿದರೆ ಸಾಕಿತ್ತು, ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಹೇಳಿದರೆ ಗಡಿಗೆ ಕೆಳಗಿಟ್ಟು ಕೈ ತೊಳೆದುಕೊಳ್ಳುತ್ತಾಳೆ, ಆಮೇಲೆ ಮುಟ್ಟುವುದಿಲ್ಲ ಎಂಬುದೂ ಗೊತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ಸುಮ್ಮನೆ ನಿಂತೆ. ಅವಳು ತಳ ಕೆರೆದಳು. ಕೊನೆಯ ತುತ್ತು ಗಂಟಲಲ್ಲಿ ಸಿಕ್ಕಿ ನೀರು ಕುಡಿದಳು. ಅವಳ ಕಣ್ಣಲ್ಲಿ ನೀರಿತ್ತು ಎಂದು ನೆನಪು ಹೇಳುತ್ತದೆ. ಹೊಗೆಯೂ ಇತ್ತು.

“ನಿಮ್ಮಣ್ಣಗ ಬರದ್ರ ಇದನ್ನ ಬರೀಬ್ಯಾಡ,” ಎಂದಳು.

“ಉಂಡಿದ್ದನ್ನ?”

“ಕೆಡಿಸಿದ್ದನ್ನ.” ಗಡಿಗೆಗೆ ನೀರು ಹಾಕಿ ಮುಚ್ಚಳ ಮುಚ್ಚಿದಳು. “ಅತ್ತಿಯಾದಾಕಿಗೆ ಒಂದ ಗಡಿಗಿ ಅನ್ನ ಮಾಡಾಕ ಬರಂಗಿಲ್ಲ ಅಂತ ಸೊಸಿ ತಿಳ್ಕೋಬಾರ್ದು.”

ಕಾರ್ಡು ಅಲ್ಲೇ ಕೂತು ಬರೆದೆ: ಅವ್ವ ಉಂಡಳು, ಒಂದಗುಳೂ ಬಿಡಲಿಲ್ಲ. ಇದರಲ್ಲಿ ಸುಳ್ಳಿಲ್ಲ. ಅವ್ವ ಎದುರಿಗೆ ಕೂತು ಉಗುರ ಸಂದಿಯಲ್ಲಿ ಅಂಟಿದ ಅನ್ನವನ್ನು ನೀರಿನಲ್ಲಿ ಅದ್ದಿ ಅದ್ದಿ ಬಿಡಿಸಿಕೊಳ್ಳುತ್ತಿದ್ದಳು. ವಿಳಾಸ ಬರೆದು ಮುಗಿಯುವವರೆಗೆ ನಾನು ತಲೆ ಎತ್ತಲಿಲ್ಲ.